ಸೀಲು ಮೂರು ಸಲ, ಬ್ರೀದರ್ ಒಂದು ಸಲ: ಹಳೆಯ ಜೀಪಿನ ಡಿಫರೆನ್ಶಿಯಲ್ ದುರಸ್ತಿ, ಎರಡು ಮಳೆಗಾಲಗಳ ಬಳಿಕ

ಕಟಪಾಡಿಯ ನಮ್ಮ ಮನೆಯಂಗಳದಲ್ಲಿ ಪ್ರತಿ ರಾತ್ರಿ ಜೀಪಿನ ಹಿಂದಿನ ಡಿಫರೆನ್ಶಿಯಲ್ ಹೌಸಿಂಗಿನ (ಎರಡೂ ಹಿಂದಿನ ಚಕ್ರಗಳಿಗೆ ಎಂಜಿನ್ನಿನ ಬಲವನ್ನು ಹಂಚುವ ಗೇರುಗಳಿರುವ ಕವಚದ) ಅಡಿಗೆ ಹಳೆಯ ಪತ್ರಿಕೆಯ ಹಾಳೆಯೊಂದನ್ನು ಹಾಸಿ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ಕಲ್ಲಿಟ್ಟು, ಬೆಳಿಗ್ಗೆ ಕಾಫಿಗೂ ಮೊದಲು ಅದನ್ನು ಎಳೆದು ನೋಡುವುದು ನನಗೆ ಮೂರು ವರ್ಷಗಳಿಂದ ರೂಢಿಯಾಗಿದೆ. ಮೊದಲ ವರ್ಷ ಆ ಹಾಳೆಯ ಮೇಲೆ ಅಂಗೈಯಗಲದ ಕಪ್ಪು ಕಲೆ ಇರುತ್ತಿತ್ತು. ಗಂಧಕದ ಕಮಟು ವಾಸನೆಯಿಂದಲೇ ಅದು ಎಂಜಿನ್ ಆಯಿಲ್ ಅಲ್ಲ, ಗೇರ್ ಆಯಿಲ್ ಎಂಬುದು ತಿಳಿಯುತ್ತಿತ್ತು. ಈಗ ಎರಡು ಮಳೆಗಾಲಗಳು ಕಳೆದಿವೆ, ಜೀಪು ಸುಮಾರು 21,000 ಕಿಲೋಮೀಟರ್ ಓಡಿದೆ, ಹಾಳೆ ಹಾಸಿದಂತೆಯೇ ಒಣಗಿರುತ್ತದೆ. ಆ ದುರಸ್ತಿಯ ಬಗ್ಗೆ ಬರೆಯಲು ಇಷ್ಟು ಕಾಲ ಕಾದದ್ದು, ಮೊದಲಿನ ಎರಡು ದುರಸ್ತಿಗಳು ನಾಲ್ಕೈದು ತಿಂಗಳೂ ಬಾಳದೆ ಹೋದುದರಿಂದ.

ಇಪ್ಪತ್ತು ವರ್ಷ ದಾಟಿದ ಈ ಡೀಸೆಲ್ ಜೀಪನ್ನು ನಾನು ಹೆಬ್ರಿಯ ಕಡೆಯ ಅಡಿಕೆ ತೋಟಕ್ಕೂ ತಿಂಗಳಿಗೆ ನಾಲ್ಕೈದು ಬಾರಿ ಮಂಗಳೂರಿಗೂ ಓಡಿಸುತ್ತೇನೆ. ಸೋರಿಕೆ ಮೊದಲು ಕಂಡದ್ದು ಎಂಜಿನ್ನಿನ ಬಲವನ್ನು ಹಿಂದಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಹೌಸಿಂಗನ್ನು ಸೇರುವ ಜಾಗದಲ್ಲಿ, ಅಂದರೆ ಪಿನಿಯನ್ ಎಂಬ ಸಣ್ಣ ಗೇರಿನ ದಂಡದ ಸುತ್ತ ಆಯಿಲನ್ನು ತಡೆಯುವ ಪಿನಿಯನ್ ಸೀಲಿನಲ್ಲಿ. ಮಂಗಳೂರಿನ ಒಂದು ದೊಡ್ಡ ಗ್ಯಾರೇಜಿನಲ್ಲಿ ಅದೇ ದಿನ ಹೊಸ ಸೀಲು ಹಾಕಿ ಕೊಟ್ಟರು. ನಾಲ್ಕು ತಿಂಗಳಲ್ಲಿ ಅದು ಮತ್ತೆ ಸೋರಿತು. ಸೀಲೇ ಕಳಪೆಯೆಂದು ಹೇಳಿ ಇನ್ನೊಂದನ್ನು ಹಾಕಿದರು. ಎರಡನೆಯ ಬಾರಿ ನಾನು ಪಕ್ಕದಲ್ಲಿಯೇ ನಿಂತಿದ್ದೆ. ನಟ್ಟನ್ನು ಬಿಚ್ಚುವ ಮೊದಲು ಅದು ಎಲ್ಲಿತ್ತು ಎಂಬುದಕ್ಕೆ ಒಂದು ಗುರುತನ್ನೂ ಹಾಕದೆ, ಗಾಳಿಯ ಗನ್ನಿನಿಂದ ಬಿಚ್ಚಿ, ಅದೇ ಗನ್ನಿನಿಂದ ಪೂರ್ತಿ ಬಿಗಿದರು. ಆ ಶಬ್ದ ಕೇಳಿಯೇ ನನಗೆ ಮನಸ್ಸಿಗೆ ಕಸಿವಿಸಿಯಾಗಿತ್ತು, ಆದರೂ ಸುಮ್ಮನಿದ್ದೆ. ಪಿನಿಯನ್ ನಟ್ಟು ಬರಿಯ ನಟ್ಟಾಗಿರುವುದಿಲ್ಲ. ಬೇರಿಂಗ್‌ಗಳ ನಡುವೆ ಕುಗ್ಗುವ ಸ್ಲೀವ್ (ಬಿಗಿದಂತೆ ಅಡಕವಾಗುವ ಲೋಹದ ಕೊಳವೆ) ಇರುವ ನನ್ನ ಜೀಪಿನಂತಹ ಹೌಸಿಂಗಿನಲ್ಲಿ ಒಳಗಿನ ಎರಡು ಬೇರಿಂಗ್‌ಗಳ ಮೇಲೆ ಎಷ್ಟು ಒತ್ತಡ ಬೀಳಬೇಕು ಎಂಬುದನ್ನು ಆ ನಟ್ಟಿನ ಬಿಗಿತವೇ ನಿರ್ಧರಿಸುತ್ತದೆ. ಹೆಚ್ಚು ಬಿಗಿದರೆ ಸ್ಲೀವ್ ಮತ್ತಷ್ಟು ಕುಗ್ಗಿ, ಬೇರಿಂಗ್‌ಗಳು ಕಾದು ಸವೆಯತೊಡಗುತ್ತವೆ. ಒಂದೇ ವಾರದಲ್ಲಿ ಗಂಟೆಗೆ 55 ಕಿಲೋಮೀಟರ್ ವೇಗ ತಲುಪುತ್ತಿದ್ದಂತೆ ಹಿಂದಿನಿಂದ ಸಣ್ಣ ಗುಂಯ್‌ಗುಡುವಿಕೆ ಆರಂಭವಾಯಿತು.

ಅದೇ ವರ್ಷದ ಮಳೆಗಾಲದ ಆಟಿ ತಿಂಗಳಲ್ಲಿ ಆಗುಂಬೆ ಘಾಟಿಯ 14 ತಿರುವುಗಳನ್ನು ಇಳಿದು ಸೋಮೇಶ್ವರ ತಲುಪುವಷ್ಟರಲ್ಲಿ ಹಿಂದಿನ ಎಡಚಕ್ರದ ಬ್ರೇಕು ಹಿಡಿಯುತ್ತಿರಲಿಲ್ಲ. ಆಯಿಲ್, ಹೌಸಿಂಗಿನಿಂದ ಚಕ್ರದವರೆಗೆ ಚಾಚುವ ಆಕ್ಸಲ್ ಕೊಳವೆಯ ತುದಿಯ ಸೀಲನ್ನೂ ದಾಟಿ ಡ್ರಮ್ಮಿನೊಳಗೆ ಇಳಿದು, ಬ್ರೇಕ್ ಶೂಗಳನ್ನು ತೋಯಿಸಿತ್ತು. ಸೋರಿಕೆ ಅಂಗಳದ ಕಲೆಯಾಗಿ ಇರುವವರೆಗೆ ಸಹಿಸಬಹುದು. ಬ್ರೇಕಿಗೆ ಬಂದ ದಿನ ನಾನು ನಿಜವಾಗಿಯೂ ಹೆದರಿದೆ.

ಪರಿಚಯದವರೊಬ್ಬರು ಹೇಳಿದ್ದರಿಂದ ಕಾಪುವಿನ ಬಳಿಯ ಒಂದು ಸಣ್ಣ ಶೆಡ್ಡಿಗೆ ಹೋದೆ. ಅಲ್ಲಿನ ಹಿರಿಯ ಮೆಕ್ಯಾನಿಕ್ ಜೀಪಿನ ಅಡಿಗೆ ನುಸುಳಿದರು. ಅವರು ಮೊದಲು ಸೀಲಿನತ್ತ ನೋಡಲೇ ಇಲ್ಲ, ಆಕ್ಸಲ್ ಕೊಳವೆಯ ಮೇಲ್ಭಾಗವನ್ನು ಬೆರಳಿನಿಂದ ತಡವಿದರು. ಕೆಂಪು ಮಣ್ಣು ಮತ್ತು ತುಕ್ಕು ಸೇರಿ ಗಟ್ಟಿಯಾಗಿದ್ದ ಒಂದು ಗುಬುಟನ್ನು ಸ್ಕ್ರೂಡ್ರೈವರಿನಿಂದ ಕೆರೆದಾಗ ಅದರೊಳಗೆ ಬ್ರೀದರ್, ಅಂದರೆ ಹೌಸಿಂಗಿನ ಗಾಳಿ ಹೋಗಿಬರುವ ಸಣ್ಣ ಕಿಂಡಿ, ಕಂಡಿತು. ಅದನ್ನು ಸಡಿಲಿಸಿದ ಕೂಡಲೇ ಒಳಗಿನ ಗಾಳಿ ಸುಯ್ಯೆಂದು ಹೊರಬಂತು.

“ಸೀಲಿನ ತಪ್ಪಲ್ಲ ಮಾರಾಯ್ರೆ, ಹೌಸಿಂಗಿಗೆ ಉಸಿರು ಕಟ್ಟಿದೆ,” ಎಂದರು.

ಕಾರಣ ಸರಳವಾಗಿದೆ. ವಾಹನ ಓಡುವಾಗ ಒಳಗಿನ ಆಯಿಲ್ ಮತ್ತು ಗಾಳಿ ಬಿಸಿಯಾಗಿ ಹಿಗ್ಗುತ್ತವೆ. ಹಿಗ್ಗಿದ ಗಾಳಿ ಬ್ರೀದರಿನ ಮೂಲಕ ಹೊರಹೋಗಬೇಕು. ಆ ದಾರಿ ಮುಚ್ಚಿದ್ದರೆ ಒತ್ತಡವು ಸೀಲಿನ ತುಟಿಯನ್ನೇ ಎತ್ತಿ ಆಯಿಲನ್ನು ಹೊರದೂಡುತ್ತದೆ. ಅಂತಹ ಹೌಸಿಂಗಿಗೆ ಎಷ್ಟು ಸೀಲು ಹಾಕಿದರೂ ಪ್ರಯೋಜನವಿಲ್ಲ. ಸಮುದ್ರದ ಉಪ್ಪುಗಾಳಿಯೂ ತೋಟದ ದಾರಿಯ ಕೆಸರೂ ಇರುವ ನಮ್ಮ ಕರಾವಳಿಯಲ್ಲಿ ಬ್ರೀದರ್ ಕಟ್ಟಿಕೊಳ್ಳುವುದು ಸಹಜವೇ ಆಗಿದೆ. ಎರಡು ಬಾರಿ ಹಣ ಪಡೆದವರು ಒಮ್ಮೆಯಾದರೂ ಅಲ್ಲಿಗೆ ಕೈ ಹಾಕಿದ್ದರೆ ಸಾಕಾಗುತ್ತಿತ್ತು ಎಂಬ ಬೇಸರ ನನಗೆ ಇಂದಿಗೂ ಹೋಗಿಲ್ಲ.

ಅಲ್ಲಿ ಕೆಲಸಕ್ಕೆ ಎರಡು ದಿನ ಹಿಡಿಯಿತು. ಮೊದಲು ಆಯಿಲ್ ತುಂಬುವ ಬೋಲ್ಟನ್ನು ಬಿಚ್ಚಿ, ಅದು ಬಿಚ್ಚುತ್ತದೆ ಎಂಬುದು ಖಚಿತವಾದ ಮೇಲೆಯೇ ಕೆಳಗಿನ ಬೋಲ್ಟಿಗೆ ಕೈಹಾಕಿದರು. ಇಲ್ಲವಾದರೆ ಆಯಿಲ್ ಪೂರ್ತಿ ಬರಿದಾದ ಬಳಿಕ ಮೇಲಿನದು ತುಕ್ಕು ಹಿಡಿದು ಕಚ್ಚಿಕೊಂಡಿರುವುದು ತಿಳಿಯುತ್ತದೆ. ಪ್ರೊಪೆಲ್ಲರ್ ಶಾಫ್ಟ್ ಜೋಡಿಸುವ ಫ್ಲ್ಯಾಂಜಿನ ಮೇಲೆ ಹಳೆಯ ಸೀಲು ಕೊರೆದಿದ್ದ ಗೀರನ್ನು ಉಗುರಿನಿಂದ ನನಗೆ ತೋರಿಸಿ, ಅದರ ಮೇಲೆ ತೆಳುವಾದ ಉಕ್ಕಿನ ಬಳೆಯನ್ನು ಕೂರಿಸಿದರು. ಕುಗ್ಗುವ ಸ್ಲೀವನ್ನು ಹೊಸದು ಹಾಕಿದರು. ನಟ್ಟನ್ನು ಕೈಯಿಂದ ಸ್ವಲ್ಪಸ್ವಲ್ಪವೇ ಬಿಗಿಯುತ್ತ, ಪ್ರತಿ ಸಲವೂ ಫ್ಲ್ಯಾಂಜಿಗೆ ನೂಲು ಸುತ್ತಿ ಸ್ಪ್ರಿಂಗ್ ತಕ್ಕಡಿಯಿಂದ ಎಳೆದು, ಅದು ತಿರುಗಲು ಎಷ್ಟು ಬಲ ಬೇಕಾಗುತ್ತದೆ ಎಂದು ನೋಡಿದರು. ಅಷ್ಟು ತಾಳ್ಮೆಯ ಕೆಲಸವನ್ನು ನಾನು ಬಹಳ ವರ್ಷಗಳಿಂದ ಕಂಡಿರಲಿಲ್ಲ. ಬ್ರೀದರಿನ ಜಾಗಕ್ಕೆ ಒಂದು ನಿಪ್ಪಲ್ ಹಾಕಿ, ಅದರಿಂದ ರಬ್ಬರ್ ಕೊಳವೆಯನ್ನು ಡೀಸೆಲ್ ತುಂಬುವ ಬಾಯಿಯ ಎತ್ತರದವರೆಗೆ ಒಯ್ದು ಕಟ್ಟಿದರು. ಇದರಿಂದ ಇನ್ನೊಂದು ಲಾಭವೂ ಇದೆ: ಕಾದ ಹೌಸಿಂಗು ಒಮ್ಮೆಲೇ ನೆರೆನೀರಿಗೆ ಇಳಿದರೆ ಒಳಗಿನ ಗಾಳಿ ತಣಿದು ಕುಗ್ಗಿ, ತಗ್ಗಿನಲ್ಲಿರುವ ಬ್ರೀದರಿನಿಂದ ನೀರನ್ನೇ ಒಳಗೆಳೆದುಕೊಳ್ಳುತ್ತದೆ, ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಕಳೆದ ಜುಲೈಯಲ್ಲಿ ನೀರು ನಿಂತ ರಸ್ತೆಯಲ್ಲಿ ಎರಡು ಬಾರಿ ದಾಟಿ ಬಂದ ಮೇಲೆ ತೆಗೆದು ನೋಡಿದೆ. ಆಯಿಲ್ ಜೇನಿನ ಬಣ್ಣದಲ್ಲಿಯೇ ಇತ್ತು.

ಆಕ್ಸಲ್ ತುದಿಯ ಸೀಲು, ಹೊಸ ಬ್ರೇಕ್ ಶೂ, ಆಯಿಲ್, ಕೂಲಿ ಎಲ್ಲ ಸೇರಿ ನನಗೆ 6,400 ರೂಪಾಯಿ ಖರ್ಚಾಯಿತು. ಹಿಂದಿನ ಎರಡು ದುರಸ್ತಿಗಳಿಗೆ ಒಟ್ಟು 5,200 ಕೊಟ್ಟಿದ್ದೆ. ನಿವೃತ್ತಿಯ ಹಣದಲ್ಲಿ ವಾಹನ ಇಟ್ಟುಕೊಂಡಿರುವ ನನಗೆ ಇದು ಸಣ್ಣ ಮೊತ್ತವಲ್ಲ, ಆದರೂ ಕೊಡುವಾಗ ಮನಸ್ಸು ಹಿಂಜರಿಯಲಿಲ್ಲ. ಆಯಿಲ್ ಜಿಎಲ್-5 ದರ್ಜೆಯ 80ಡಬ್ಲ್ಯೂ-90. ಹಿಂದಿನ ಹೈಪಾಯ್ಡ್ ಗೇರುಗಳ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಜಾರುವುದರಿಂದ ಈ ದರ್ಜೆಯೇ ಬೇಕು. ಮಿಕ್ಕ ಆಯಿಲನ್ನು ಜಿಎಲ್-4 ಸೂಚಿಸಿರುವ ಗೇರ್‌ಬಾಕ್ಸಿಗೆ ಸುರಿಯಬಾರದು, ಅಲ್ಲಿನ ಹಿತ್ತಾಳೆಯ ಭಾಗಗಳಿಗೆ ಅದು ಒಗ್ಗದಿರಬಹುದು.

ಈಗ ಪ್ರತಿ ತಿಂಗಳ ಮೊದಲ ಭಾನುವಾರ ಜೀಪನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ತುಂಬುವ ಬೋಲ್ಟನ್ನು ಬಿಚ್ಚಿ, ಕಿರುಬೆರಳನ್ನು ಒಳಗೆ ತೂರಿಸಿ ನೋಡುತ್ತೇನೆ. ಆಯಿಲ್ ರಂಧ್ರದ ಕೆಳ ಅಂಚಿಗೆ ಸರಿಯಾಗಿ ತಾಗುತ್ತಿರುತ್ತದೆ. ಕೊಳವೆಯ ತುದಿಗೆ ಬಾಯಿಟ್ಟು ಊದಿ, ಗಾಳಿ ಸಲೀಸಾಗಿ ಹೋಗುವುದನ್ನು ಖಚಿತಪಡಿಸಿಕೊಳ್ಳುತ್ತೇನೆ.

ಗುಂಯ್‌ಗುಡುವಿಕೆ ಮಾತ್ರ ಪೂರ್ತಿಯಾಗಿ ಹೋಗಿಲ್ಲ. ಮೂಲ್ಕಿ ಸೇತುವೆ ದಾಟಿ ಹೆದ್ದಾರಿಯಲ್ಲಿ ವೇಗ ಹಿಡಿದಾಗ ಅದು ಈಗಲೂ ಸಣ್ಣಗೆ ಕೇಳಿಸುತ್ತದೆ; ಅತಿಬಿಗಿತದಲ್ಲಿ ಓಡಿದ ಆ ಕೆಲವು ವಾರಗಳಲ್ಲಿ ಬೇರಿಂಗ್ ಸವೆದಿದೆ ಎಂದು ಕಾಪುವಿನ ಮೆಕ್ಯಾನಿಕ್ ಮೊದಲೇ ಹೇಳಿದ್ದರು. ಕಳೆದ ಆರು ತಿಂಗಳಲ್ಲಿ ಶಬ್ದ ಹೆಚ್ಚಿಲ್ಲ. ಅಡಿಕೆ ಮಾರಿದ ಮೇಲೆ, ಬೇಸಿಗೆಯಲ್ಲಿ, ಎರಡೂ ಬೇರಿಂಗ್‌ಗಳನ್ನು ಬದಲಿಸಲು ಅದೇ ಶೆಡ್ಡಿಗೆ ಜೀಪನ್ನು ಬಿಡುವುದೆಂದು ಹೇಳಿಟ್ಟಿದ್ದೇನೆ.