ಗೀಸರ್‌ನ ಮೆಗ್ನೀಷಿಯಂ ರಾಡ್: ಕೋಲಾರದ ಬೋರ್ ನೀರಿಗೆ ಹೇಗೆ?

ಕೋಲಾರದ ಹಾರ್ಡ್‌ವೇರ್ ಅಂಗಡಿಯಲ್ಲಿ ಬರೀ ಪ್ಲಾಸ್ಟಿಕ್ ಕವರಿನಲ್ಲಿ ಸಿಗುವ, ಕಂಪನಿ ಹೆಸರಿಲ್ಲದ ಆನೋಡ್ ರಾಡ್ (ಗೀಸರ್ ಟ್ಯಾಂಕಿನ ಬದಲು ತಾನೇ ಸವೆದು ತುಕ್ಕು ತಡೆಯುವ ಸರಳು) ಇದು. 21 ಮಿ.ಮೀ. ದಪ್ಪ, 200 ಮಿ.ಮೀ. ಉದ್ದ. ಹಳೆಯ ರಾಡಿನ ಥ್ರೆಡ್ ಎಂ6 ಆಗಿದ್ದರೆ ಮಾತ್ರ ತಗೊಳ್ಳಿ.

ಮೊದಲು ತಕ್ಕಡಿ. ಇದು 126 ಗ್ರಾಂ ತೂಗಿತು, ಅಂದರೆ ಮೆಗ್ನೀಷಿಯಮ್ಮೇ. ಇದೇ ಅಳತೆಯ ಅಲ್ಯೂಮಿನಿಯಂ 190ರ ಆಸುಪಾಸು ಬರುತ್ತದೆ. ಅನುಮಾನ ಉಳಿದರೆ ಅರದಲ್ಲಿ ಉಜ್ಜಿ, ಉದುರಿದ ಪುಡಿಯನ್ನು ಒಂದು ಚಮಚ ವಿನೆಗರ್‌ಗೆ ಹಾಕಿ. ಮೆಗ್ನೀಷಿಯಂ ಬುರಬುರ ನೊರೆ ಎಬ್ಬಿಸುತ್ತದೆ, ಅಲ್ಯೂಮಿನಿಯಂ ಸುಮ್ಮನೆ ತಳದಲ್ಲಿ ಕೂರುತ್ತದೆ. ಪಠ್ಯಪುಸ್ತಕದಲ್ಲಿರುವ ಲೋಹಗಳ ಕ್ರಿಯಾಶೀಲತೆಯ ಪಟ್ಟಿಯಲ್ಲಿ ಅಲ್ಯೂಮಿನಿಯಮ್ಮೂ ಕಬ್ಬಿಣಕ್ಕಿಂತ ಮೇಲೇ ಇದೆಯಲ್ಲ ಅನ್ನಬಹುದು. ಇದೆ, ಆದರೆ ಗಾಳಿ ಸೋಕಿದ ಕೂಡಲೇ ಅದರ ಮೈಮೇಲೆ ಆಕ್ಸೈಡ್ ಪೊರೆ ಕಟ್ಟಿ ಒಳಗಿನ ಲೋಹಕ್ಕೆ ಬೀಗ ಬೀಳುತ್ತದೆ. ಸತು ಬೆರೆಸಿದ ಮಿಶ್ರಲೋಹವಾದರೆ ಸರಿ, ಸಾದಾ ಅಲ್ಯೂಮಿನಿಯಂ ರಾಡ್ ದಂಡ.

ಗೀಸರ್ ಟ್ಯಾಂಕಿನ ಗಾಜಿನ ಲೇಪನ ಎಲ್ಲೋ ಕೂದಲೆಳೆಯಷ್ಟು ಬಿರಿದರೂ ಒಳಗಿನ ಉಕ್ಕಿಗೆ ತುಕ್ಕು ಹತ್ತುತ್ತದೆ. ಮೆಗ್ನೀಷಿಯಂ ತನ್ನ ಹೊರಕವಚದ ಎರಡು ಎಲೆಕ್ಟ್ರಾನ್‌ಗಳನ್ನು ಕಬ್ಬಿಣಕ್ಕಿಂತ ಸಲೀಸಾಗಿ ಬಿಟ್ಟುಕೊಡುತ್ತದೆ: ಅದರ ವಿಭವ (ಎಲೆಕ್ಟ್ರಾನ್ ಬಿಡುವ ಒಲವಿನ ಅಳತೆ, ಹೆಚ್ಚು ಋಣವಾದಷ್ಟೂ ಒಲವು ಹೆಚ್ಚು) -2.37 ವೋಲ್ಟ್, ಕಬ್ಬಿಣದ್ದು -0.44. ಹಾಗಾಗಿ ಮೊದಲು ಕರಗುವುದು ರಾಡ್. ವರ್ಷದ ನಂತರ ಬಿಚ್ಚಿದಾಗ ಅದು ಹೊಸದರಂತೇ ಇದ್ದರೆ ಖುಷಿಪಡಬೇಡಿ. ನಮ್ಮ ಗಡಸು ನೀರಿನ ಸುಣ್ಣ ಅದನ್ನು ಮುಚ್ಚಿರುತ್ತದೆ, ಇಲ್ಲವೇ ಟ್ಯಾಂಕಿನ ಜೊತೆ ವಿದ್ಯುತ್ ಸಂಪರ್ಕ ತಪ್ಪಿರುತ್ತದೆ. ಮಲ್ಟಿಮೀಟರ್‌ನಲ್ಲಿ ರಾಡಿಗೂ ಟ್ಯಾಂಕಿನ ಲೋಹಕ್ಕೂ ನಡುವೆ ಸೊನ್ನೆಯ ಹತ್ತಿರ ಓಮ್ ತೋರಿಸಬೇಕು. ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತುವ ಪ್ಲಂಬರ್‌ಗಳನ್ನು ತಡೆಯಿರಿ.

ಕೂರಿಸುವುದು ಕಷ್ಟವಿಲ್ಲ. ಎಂಸಿಬಿ ಆಫ್ ಮಾಡಿ, ಒಳಬರುವ ನೀರಿನ ವಾಲ್ವ್ ಮುಚ್ಚಿ, ನೀರು ಆರಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಕೆಳಗಿನ ಫ್ಲ್ಯಾಂಜ್ (ಬೋಲ್ಟ್ ಹಾಕಿದ ಮುಚ್ಚಳ) ಬಿಚ್ಚಿ. ತಳದ ಸುಣ್ಣವನ್ನೂ ಕೆರೆದು ತೆಗೆಯಿರಿ. ರಾಡ್ ಜೊತೆ ಗ್ಯಾಸ್ಕೆಟ್ ಕೊಡುವುದಿಲ್ಲ, ಅದೇ ಇದರ ದೊಡ್ಡ ಕೊರತೆ. ಹಳೆಯದನ್ನೇ ಹಾಕಿದರೆ ಸೋರುವುದು ಬಹುತೇಕ ಖಚಿತ. ಬೋಲ್ಟ್‌ಗಳನ್ನು ಎದುರುಬದುರಾಗಿ ಬಿಗಿಯಿರಿ, ನೀರು ತುಂಬಿದ ಮೇಲಷ್ಟೇ ಸ್ವಿಚ್ ಹಾಕಿ.

ಬಿಸಿನೀರು ಕೊಳೆತ ಮೊಟ್ಟೆಯಂತೆ ನಾರತೊಡಗಿದರೆ ನೀರಿನ ಸಲ್ಫೇಟ್ ತಿನ್ನುವ ಬ್ಯಾಕ್ಟೀರಿಯಾ ಸೇರಿಕೊಂಡಿವೆ ಎಂದರ್ಥ. ಅಂಥ ಮನೆಗೆ ಸತು ಬೆರೆತ ಅಲ್ಯೂಮಿನಿಯಂ ರಾಡೇ ವಾಸಿ. ವಾಟರ್ ಸಾಫ್ಟ್‌ನರ್ ಇರುವ ಕಡೆ ಮೆಗ್ನೀಷಿಯಂ ಬೇಗ ಸವೆಯುತ್ತದೆ, ಆರು ತಿಂಗಳಿಗೊಮ್ಮೆ ನೋಡಿ. ನಡುವಿನ ಉಕ್ಕಿನ ತಂತಿ ಕಾಣಿಸಿತೋ, ಬದಲಾಯಿಸಿ.