ಎಲ್ಲ ಮಕ್ಕಳೂ ಬೇಕಾಗುವ ಸಣ್ಣ ಶಾಲೆ

ನನ್ನ ಮಗ ಈಗ ಆರನೇ ತರಗತಿ. ಮೊದಲು ದೊಡ್ಡ ಶಾಲೆಯಲ್ಲಿದ್ದ, ಐದನೇ ತರಗತಿಗೆ ಈ ಶಾಲೆಗೆ ಸೇರಿಸಿದೆವು. ಇಲ್ಲಿ ಒಟ್ಟು ನೂರು ಮಕ್ಕಳೂ ಇಲ್ಲ. ಅವನ ತರಗತಿಯಲ್ಲಿ 11 ಮಂದಿ, ಅಷ್ಟೇ. ಪಾಠ, ಪರೀಕ್ಷೆ, ಅಂಕಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುತ್ತಿರುವುದು ಉಳಿದದ್ದರ ಬಗ್ಗೆ. ಮಗು ಅಲ್ಲಿ ನೆಮ್ಮದಿಯಾಗಿದೆಯಾ? ಇದು ನನ್ನ ಶಾಲೆ ಅಂತ ಅದಕ್ಕೆ ಅನಿಸುತ್ತದೆಯಾ? ಪಾಠ ಬಿಟ್ಟರೆ ಅಲ್ಲಿ ಇನ್ನೇನು ನಡೆಯುತ್ತದೆ?

ದೊಡ್ಡ ಶಾಲೆಯಲ್ಲಿ ಸೌಕರ್ಯಕ್ಕೇನೂ ಕೊರತೆ ಇರಲಿಲ್ಲ. ಈಜುಕೊಳ, ಸಂಗೀತದ ಕೋಣೆ, ಎರಡು ಮೈದಾನ ಎಲ್ಲ ಇತ್ತು. ಆದರೆ ಪ್ರತಿಯೊಂದಕ್ಕೂ ಆಯ್ಕೆ. ಫುಟ್‌ಬಾಲ್ ತಂಡಕ್ಕೆ ಬೇಕಾದವರು 11 ಮಂದಿ, ಆಸೆಯಿಂದ ಬರುವವರು ನೂರಾರು. ಮೊದಲೇ ಚೆನ್ನಾಗಿ ಆಡುವವರು ಆಯ್ಕೆಯಾಗುತ್ತಾರೆ, ಆಡಿ ಆಡಿ ಇನ್ನೂ ಚೆನ್ನಾಗಿ ಕಲಿಯುತ್ತಾರೆ. ಉಳಿದವರು ಹೊರಗೆ ಕೂತು ಚಪ್ಪಾಳೆ ತಟ್ಟುತ್ತಾರೆ. ನನ್ನ ಮಗನದು ಮಾತು ಕಮ್ಮಿ, ತಾನಾಗಿ ಕೈ ಎತ್ತುವವನಲ್ಲ. ಅಲ್ಲಿದ್ದಷ್ಟು ಕಾಲವೂ ಅವನು ಚಪ್ಪಾಳೆ ತಟ್ಟುವವರ ಸಾಲಿನಲ್ಲೇ ಇದ್ದ.

ಸಣ್ಣ ಶಾಲೆಯ ಲೆಕ್ಕವೇ ಬೇರೆ. ವಾರ್ಷಿಕೋತ್ಸವದ ನಾಟಕವನ್ನೇ ತೆಗೆದುಕೊಳ್ಳಿ. ಪಾತ್ರ, ಹಾಡು, ಬೆಳಕು, ಪರದೆ, ವೇಷ, ರಂಗದ ಸಾಮಾನು ಎಲ್ಲ ಸೇರಿಸಿದರೆ ಕೆಲಸಗಳೇ ಜಾಸ್ತಿ, ಕೈಗಳು ಕಮ್ಮಿ. ಹಾಗಾಗಿ ಯಾರನ್ನೂ ಬಿಡುವ ಹಾಗಿಲ್ಲ. ನನ್ನ ಮಗನಿಗೆ ಬೆಳಕಿನ ಕೆಲಸ ಬಂತು. ಯಾವ ಮಾತಿಗೆ ಯಾವ ಲೈಟು ಹತ್ತಬೇಕು, ಯಾವುದು ನಿಧಾನವಾಗಿ ಆರಬೇಕು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಂಡ. ರಿಹರ್ಸಲ್ ನಡೆಯುತ್ತಿರುವಾಗಲೇ ಜ್ವರ ಬಂತು. ಸಂಜೆ ಟೀಚರ್ ಫೋನ್ ಮಾಡಿದರು. ಹೇಗಿದ್ದಾನೆ ಅಂತ ವಿಚಾರಿಸಿದ ಮೇಲೆ, "ಅವನ ನೋಟ್‌ಬುಕ್‌ನ ಫೋಟೋ ಕಳಿಸ್ತೀರಾ? ಎರಡನೇ ದೃಶ್ಯದ ಲೈಟು ನಮಗ್ಯಾರಿಗೂ ಗೊತ್ತಾಗ್ತಿಲ್ಲ" ಅಂದರು. ಫೋಟೋದಲ್ಲಿ ಅರ್ಥವಾಗುವುದಿಲ್ಲ ಅಂತ ಅವನೇ ಎದ್ದು ಕೂತು ಫೋನ್ ಇಸಿದುಕೊಂಡ. ಒಂದೊಂದೇ ಸಾಲು ಬಿಡಿಸಿ ಹೇಳಿದ. ದೊಡ್ಡವರೊಬ್ಬರ ಜೊತೆ ಅವನು ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಇದು ನಮ್ಮ ಮನೆಯೊಂದರ ಕಥೆಯಲ್ಲ. ರೋಜರ್ ಬಾರ್ಕರ್ ಮತ್ತು ಪಾಲ್ ಗಂಪ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ಕಾನ್ಸಾಸ್‌ನ ದೊಡ್ಡ, ಸಣ್ಣ ಹೈಸ್ಕೂಲುಗಳನ್ನು ಹೋಲಿಸಿ 1964ರಲ್ಲಿ ಹೆಚ್ಚುಕಮ್ಮಿ ಇದನ್ನೇ ಹೇಳಿದ್ದರು. ದೊಡ್ಡ ಶಾಲೆಯಲ್ಲಿ ಚಟುವಟಿಕೆಗಳ ಬಗೆ ಹೆಚ್ಚು. ಆದರೆ ಹೊಣೆ ಹೊತ್ತು ಮುಂದೆ ನಿಲ್ಲುವ ಅವಕಾಶ ಸಣ್ಣ ಶಾಲೆಯ ಮಕ್ಕಳಿಗೆ ಹೆಚ್ಚು. ಓದಿನಲ್ಲಿ ಹಿಂದೆ ಬಿದ್ದ ಮಕ್ಕಳಿಗೂ ಅಲ್ಲಿ ತಮ್ಮ ಪಾಲಿನ ಕೆಲಸ ತಾವು ಮಾಡಲೇಬೇಕು ಅಂತ ಅನಿಸುತ್ತಿತ್ತು. 1997ರಲ್ಲಿ ಜೋಸೆಫ್ ಮಹೋನಿ, ರಾಬರ್ಟ್ ಕೇರ್ನ್ಸ್ ನಡೆಸಿದ ಅಧ್ಯಯನ ಇನ್ನೊಂದು ಮಾತು ಸೇರಿಸಿತು. ಪಠ್ಯೇತರ ಚಟುವಟಿಕೆಗಳಲ್ಲಿ ಸೇರಿಕೊಂಡ ಮಕ್ಕಳು ನಡುವೆ ಶಾಲೆ ಬಿಡುವುದು ಕಮ್ಮಿ. ಅದರಲ್ಲೂ ಬಿಟ್ಟುಹೋಗುವ ಅಪಾಯ ಜಾಸ್ತಿ ಇದ್ದ ಮಕ್ಕಳಲ್ಲೇ ಈ ವ್ಯತ್ಯಾಸ ಎದ್ದು ಕಾಣುತ್ತಿತ್ತು. ನಾಟಕ, ಆಟ ಅಂದರೆ ಓದಿನ ನಡುವಿನ ಮನರಂಜನೆ ಅಂತ ಎಷ್ಟೋ ಪೋಷಕರು ಈಗಲೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ತಾನು ಇಲ್ಲದಿದ್ದರೆ ಕೆಲಸ ನಿಲ್ಲುತ್ತದೆ ಅಂತ ಮಗುವಿಗೆ ಗೊತ್ತಾಗುವ ಜಾಗ ಅದು.

ಈ ಶಾಲೆಯ ಇನ್ನೊಂದು ರೂಢಿ ನನಗೆ ತುಂಬಾ ಹಿಡಿಸಿತು. ಟೀಚರ್‌ಗಳ ಕೋಣೆಯಲ್ಲಿ ವರ್ಷಕ್ಕೆ ಎರಡು ಸಲ ಎಲ್ಲ ಮಕ್ಕಳ ಹೆಸರನ್ನೂ ಗೋಡೆಗೆ ಹಾಕುತ್ತಾರೆ. ಯಾವ ಮಗುವಿನ ಇಷ್ಟ, ಭಯ, ಮನೆಯ ವಿಷಯ ತಮಗೆ ಗೊತ್ತಿದೆಯೋ ಅದರ ಹೆಸರಿನ ಮುಂದೆ ಪ್ರತಿ ಟೀಚರ್ ಒಂದು ಚುಕ್ಕೆ ಇಡುತ್ತಾರೆ. ಚುಕ್ಕೆಯೇ ಬೀಳದ ಹೆಸರು ಕಂಡರೆ ಯಾರಾದರೊಬ್ಬರು ಆ ಮಗುವಿನ ಹೊಣೆ ತೆಗೆದುಕೊಳ್ಳುತ್ತಾರೆ. ಸಣ್ಣ ಶಾಲೆ ಅಂದ ಮೇಲೆ ಎಲ್ಲರೂ ಎಲ್ಲರಿಗೂ ಗೊತ್ತಿರುತ್ತಾರೆ ಅಂದುಕೊಳ್ಳುತ್ತೇವೆ ಅಲ್ವಾ? ಸುಮ್ನೆ ಇರುವ ಮಗು ಸಣ್ಣ ಶಾಲೆಯಲ್ಲೂ ಕಣ್ಣಿಗೆ ಬೀಳದೆ ಹೋಗಬಹುದು. ಇವರು ಅದನ್ನು ಅರಿತಿದ್ದಾರೆ.

ಪರೀಕ್ಷೆಯ ವಾರದಲ್ಲೂ ಆಟದ ಪಿರಿಯಡ್ ಇರುತ್ತದೆ. ಶಿಕ್ಷೆ ಅಂತ ಆಟ ಕಸಿಯುವುದಿಲ್ಲ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಆಟ, ಬಿಡುವು ಎರಡನ್ನೂ ಹಕ್ಕು ಅಂತಲೇ ಹೇಳುತ್ತದೆ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂಥ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಷ್ಟು ಹೊತ್ತು ಇಲ್ಲೂ ಸಿಗುವುದಿಲ್ಲ. ಆದರೆ ಇದ್ದದ್ದನ್ನು ಗಣಿತದ ಪಿರಿಯಡ್ ನುಂಗುವುದಿಲ್ಲ.

ಇನ್ನು ಕಷ್ಟದ ಭಾಗ. 11 ಮಂದಿಯಲ್ಲಿ ಹುಡುಗರು ನಾಲ್ವರು. ಇಬ್ಬರ ಜೊತೆ ನನ್ನ ಮಗನಿಗೆ ಜಗಳವಾಯಿತು, ಮೂರನೆಯವನು ಅವರ ಕಡೆ ಸೇರಿದ. ದೊಡ್ಡ ಶಾಲೆಯಾಗಿದ್ದರೆ ಸೆಕ್ಷನ್ ಬದಲಿಸಬಹುದಿತ್ತು, ಬೇರೆ ಗುಂಪು ಹುಡುಕಬಹುದಿತ್ತು. ಇಲ್ಲಿ ಊಟಕ್ಕೂ ಅದೇ ಮುಖ, ಆಟಕ್ಕೂ ಅದೇ ಮುಖ. ಆ ದಿನಗಳಲ್ಲಿ ಬೆಳಗ್ಗೆ ಅವನನ್ನು ಹೊರಡಿಸುವುದೇ ಕಷ್ಟವಾಗಿತ್ತು. ಆಗ ನೆರವಾದದ್ದು ಬುಧವಾರ ಮಧ್ಯಾಹ್ನದ ಕ್ಲಬ್. ಐದರಿಂದ ಎಂಟನೇ ತರಗತಿಯವರೆಗಿನ ಮಕ್ಕಳು ಅಲ್ಲಿ ಬೆರೆತು ಕೂರುತ್ತಾರೆ. ಇವನು ಪಕ್ಷಿ ನೋಡುವ ಕ್ಲಬ್ ಸೇರಿದ. ಎಂಟನೇ ತರಗತಿಯ ಹುಡುಗಿಯೊಬ್ಬಳ ಜೊತೆ ಸೇರಿ ಕಂಡ ಹಕ್ಕಿಗಳ ದಾಖಲೆ ಇಡುತ್ತಾನೆ, ಅವಳನ್ನು ಅಕ್ಕ ಅನ್ನುತ್ತಾನೆ. ಟೀಚರ್ ನಾಲ್ವರನ್ನೂ ಬೇರೆ ಬೇರೆಯಾಗಿ ಕೂರಿಸಿ ಮಾತಾಡಿದರು. ಜಗಳ ತಣ್ಣಗಾಗಲು ಸಮಯ ಬೇಕಾಯಿತು, ಹಳೇ ಸಲಿಗೆ ಪೂರ್ತಿ ಬಂದಿಲ್ಲ. ಆದರೆ ಅಷ್ಟೂ ದಿನ ಶಾಲೆಯಲ್ಲಿ ಅವನಿಗೆ ಒಂದು ಜಾಗ ಇತ್ತು. ಒಂದೇ ವಯಸ್ಸಿನವರನ್ನು ಮಾತ್ರ ಒಟ್ಟಿಗೆ ಇಡುವ ಸಣ್ಣ ಶಾಲೆಯಾಗಿದ್ದರೆ ನಾನು ಅವನನ್ನು ಬಿಡಿಸಿಬಿಡುತ್ತಿದ್ದೆ.

ದೂರುಗಳೂ ಇವೆ. ಆಪ್ತ ಸಮಾಲೋಚಕಿ ವಾರಕ್ಕೊಮ್ಮೆ ಬರುತ್ತಾರೆ, ಒಳ್ಳೆಯವರು. ಆದರೆ ಅವರ ಕೋಣೆ ಆಫೀಸಿನ ಪಕ್ಕ, ಬಾಗಿಲು ಗಾಜಿನದು. ಯಾರು ಒಳಗೆ ಹೋದರು ಅನ್ನುವುದು ಊಟದ ಹೊತ್ತಿಗೆ ಇಡೀ ಶಾಲೆಗೆ ಗೊತ್ತಾಗುತ್ತದೆ. ದೊಡ್ಡ ಮಕ್ಕಳು ಹೋಗದೇ ಇರುವುದಕ್ಕೆ ಇದೇ ಕಾರಣ ಅಂತ ನನಗೆ ಅನಿಸುತ್ತದೆ. ಕೇಳಿದ ಮೇಲೆ ಒಂದು ಪರದೆ ಹಾಕಿದರು. ಸಾಲದು. ಕೋಣೆಯನ್ನೇ ಬದಲಿಸಬೇಕು.

ಎಲ್ಲರೂ ಬೇಕು ಅನ್ನುವುದರ ಇನ್ನೊಂದು ಮುಖವೂ ಇದೆ. ಚೆನ್ನಾಗಿ ಮಾಡುವ ಮಕ್ಕಳ ಮೇಲೆ ಎಲ್ಲವೂ ಬೀಳುತ್ತದೆ. ಮಗನ ತರಗತಿಯ ಒಬ್ಬ ಹುಡುಗಿ ನಾಟಕ, ಹಾಡು, ಓಟ, ಗೋಡೆ ಪತ್ರಿಕೆ ನಾಲ್ಕರಲ್ಲೂ ಇದ್ದಾಳೆ. ಒಂದು ಸಂಜೆ ಗೇಟಿನ ಹತ್ತಿರ ಬ್ಯಾಗಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಒಂದು ಅವಧಿಗೆ ಒಂದು ಮಗುವಿಗೆ ಎರಡು ಕೆಲಸ ಸಾಕು ಅಂತ ಪೋಷಕರ ಸಭೆಯಲ್ಲಿ ಹೇಳಿದ್ದೇನೆ. ಮುಖ್ಯ ಶಿಕ್ಷಕಿ ಬರೆದುಕೊಂಡಿದ್ದಾರೆ. ಹಾಗೆಯೇ, ಇಲ್ಲಿ ಒಂದು ಚಟುವಟಿಕೆ ಅಂದರೆ ಒಬ್ಬ ಟೀಚರ್. ಮಣ್ಣಿನ ಕೆಲಸ ಕಲಿಸುತ್ತಿದ್ದವರು ಬಿಟ್ಟುಹೋದ ಮೇಲೆ ಆ ಕ್ಲಬ್ಬೂ ಮುಚ್ಚಿತು, ಅರ್ಧ ಮಾಡಿದ ಮಡಕೆಗಳು ಕಪಾಟಿನಲ್ಲಿ ಉಳಿದವು.

ಈಜಿನಲ್ಲಿ, ಫುಟ್‌ಬಾಲ್‌ನಲ್ಲಿ ಪಂದ್ಯಗಳ ಮಟ್ಟಕ್ಕೆ ಹೋಗಬೇಕೆನ್ನುವ ಮಗುವಿಗೆ ಈ ಶಾಲೆ ಆಗಿಬರುವುದಿಲ್ಲ. ಹಿಂದೆ ಕೂರುವ ಮಗುವಿಗಾದರೆ ಈ ಶಾಲೆಗೇ ಸೇರಿಸಿ ಅಂತ ಖಂಡಿತ ಹೇಳುತ್ತೇನೆ. ಯಾವ ಶಾಲೆ ನೋಡಲು ಹೋದರೂ ಗೆದ್ದ ಕಪ್‌ಗಳನ್ನು ತೋರಿಸುತ್ತಾರೆ. ನೋಡಿ, ಖುಷಿಪಡಿ. ಆಮೇಲೆ ಈ ವರ್ಷ ಯಾವುದರಲ್ಲೂ ಸೇರದ ಮಕ್ಕಳು ಎಷ್ಟಿದ್ದಾರೆ ಅಂತ ಕೇಳಿ. ಈ ಶಾಲೆಯವರು ಥಟ್ಟನೆ ಸಂಖ್ಯೆ ಹೇಳಿದರು, ಆ ಮಕ್ಕಳ ಜೊತೆ ಯಾರು ಮಾತಾಡುತ್ತಿದ್ದಾರೆ ಅನ್ನುವುದನ್ನೂ ಹೇಳಿದರು. ನಾನು ಮಗನನ್ನು ಸೇರಿಸಿದ್ದು ಅದಕ್ಕೇ.

ಐದಕ್ಕೆ ನಾಲ್ಕು ಸ್ಟಾರ್. ಆ ಗಾಜಿನ ಬಾಗಿಲು ಹೋದ ದಿನ ಐದನೆಯದನ್ನೂ ಕೊಡುತ್ತೇನೆ.