ಜೋಳಳ ಲೈಫ್ ಜಾಕೆಟ್: ತೊಣ್ಣೂರು ಕೆರೆಯಲ್ಲಿ ಒಂದು ದಿನ ಬಳಸಿ ನೋಡಿದ್ದು

ಜೋಳ ನಮ್ಮನೆಯ ಮುಧೋಳ ನಾಯಿ. ವಯಸ್ಸು ಮೂರು, ತೂಕ 24 ಕೆ.ಜಿ. ಮೈಬಣ್ಣ ಥೇಟ್ ಬಿಳಿಜೋಳದ ರೊಟ್ಟಿಯದು, ಅದಕ್ಕೇ ಆ ಹೆಸರು. ಬಯಲಿಗೆ ಬಿಟ್ಟರೆ ಕಣ್ಣಿಗೆ ಸಿಗದಂತೆ ಓಡುವವಳು, ಬಚ್ಚಲಲ್ಲಿ ನಲ್ಲಿ ತಿರುಗಿಸಿದ ಸದ್ದಾದರೆ ಮಂಚದಡಿ ಸೇರಿಬಿಡುತ್ತಾಳೆ. ಮರಿಯಾಗಿದ್ದಾಗ ಸ್ನಾನಕ್ಕೆಂದು ಒಂದು ಅಂಗಡಿಯಲ್ಲಿ ಬಿಟ್ಟಿದ್ದೆ. ಕುತ್ತಿಗೆ ಬಿಗಿದು ನಿಲ್ಲಿಸಿ, ಪೈಪಿನಿಂದ ಮುಖಕ್ಕೇ ನೀರು ಹೊಡೆಯುತ್ತಿದ್ದರು. ನಾನು ಹೇಳಿದ ಹೊತ್ತಿಗಿಂತ ಬೇಗ ಹೋಗಿದ್ದರಿಂದ ಕಣ್ಣಾರೆ ಕಂಡೆ. ಅವಳ ಆವತ್ತಿನ ಕೂಗು ಇನ್ನೂ ಕಿವಿಯಲ್ಲಿದೆ.

ಅವಳಿಗೆ ಈಜು ಕಲಿಸಲೇಬೇಕೆಂಬ ಹಟ ನನಗಿರಲಿಲ್ಲ. ಆದರೆ ನಮ್ಮ ರಜೆಯ ತಿರುಗಾಟವೆಲ್ಲ ಕೆರೆ, ಹೊಳೆ ಬದಿಯಲ್ಲೇ. ಬೆದರಿದ ನಾಯಿ ಬಂಡೆಯ ಮೇಲೆ ಎತ್ತ ಹಾರೀತೆಂದು ಹೇಳಲಾಗದು. ಮುಧೋಳದ ಮೈಕಟ್ಟು ಓಟಕ್ಕೆ ಆಗಿಬಂದದ್ದು. ಮೈಯಲ್ಲಿ ಕೊಬ್ಬು ಕಡಿಮೆ, ಹಾಗಾಗಿ ನೀರಿನಲ್ಲಿ ಸಲೀಸಾಗಿ ತೇಲುವುದಿಲ್ಲ, ಚಳಿಯೂ ಬೇಗ ಹಿಡಿಯುತ್ತದೆ. ಜಾಕೆಟ್ ತರಿಸಿದ್ದು ಈ ಕಾರಣಕ್ಕೆ.

ಆನ್‌ಲೈನ್‌ನಲ್ಲಿ 1,900 ರೂಪಾಯಿ ಕೊಟ್ಟೆ. ಕಿತ್ತಳೆ ಬಣ್ಣದ ನೈಲಾನ್ ಬಟ್ಟೆ, ಒಳಗೆ ಫೋಮ್, ಹೊಟ್ಟೆಯಡಿ ಅಗಲವಾದ ವೆಲ್ಕ್ರೋ ಪಟ್ಟಿ, ಎರಡು ಕ್ಲಿಪ್, ಬೆನ್ನ ಮೇಲೊಂದು ಹಿಡಿ, ಗದ್ದದಡಿ ಒಂದು ಸಣ್ಣ ದಿಂಬು. ಹೊಲಿಗೆ ಗಟ್ಟಿಯಾಗಿದೆ. ತಕರಾರಿರುವುದು ಅಳತೆಯದು. ಮಾರುವವರು ತೂಕ ನೋಡಿ ಸೈಜ್ ಹೇಳುತ್ತಾರೆ. 24 ಕೆ.ಜಿ.ಗೆ ಮೀಡಿಯಂ ಎಂದರು, ಅದು ಎದೆಗೇ ಸುತ್ತಲಿಲ್ಲ. ಬದಲಾಯಿಸಿ ಲಾರ್ಜ್ ತರಿಸಿದೆ. ಅದು ಎದೆಗೆ ಸರಿಯಾಯಿತು, ಸೊಂಟದ ಹತ್ತಿರ ನನ್ನ ಮುಷ್ಟಿಯೇ ತೂರುವಷ್ಟು ಸಡಿಲ. ಲ್ಯಾಬ್ರಡಾರ್‌ನಂಥ ಉರುಟು ಮೈಯ ನಾಯಿಗೆ ಕತ್ತರಿಸಿದ ಬಟ್ಟೆ ಅದು. ಎದೆ ಆಳವಾಗಿ, ಹೊಟ್ಟೆ ಬೆನ್ನಿಗಂಟಿದ ನಮ್ಮ ನಾಡಿನ ಬೇಟೆನಾಯಿಯ ಆಕಾರ ಆ ಸೈಜ್ ಪಟ್ಟಿ ಮಾಡಿದವರ ಕಣ್ಣಿಗೆ ಬಿದ್ದೇ ಇಲ್ಲ ಅನ್ನಿಸಿತು. ಬ್ಯಾಗ್ ರಿಪೇರಿಯವರ ಹತ್ತಿರ ಕೊಟ್ಟು ಸೊಂಟಕ್ಕೊಂದು ಹೆಚ್ಚುವರಿ ಬೆಲ್ಟ್ ಹೊಲಿಸಿದೆ, 80 ರೂಪಾಯಿ. ಆಮೇಲೆ ಸರಿಯಾಗಿ ಕೂತಿತು. ನೀವು ಕೊಳ್ಳುವುದಾದರೆ ತೂಕದ ಮಾತು ಕೇಳಬೇಡಿ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಟೇಪಿನಲ್ಲಿ ಹಿಡಿದು, ಆ ಲೆಕ್ಕದಲ್ಲೇ ಆರಿಸಿ.

ಹತ್ತು ದಿನ ಮನೆಯಲ್ಲೇ ತೊಡಿಸಿ ರೂಢಿ ಮಾಡಿಸಿದೆ. ಮೊದಲು ಬರೀ ನೆಲದ ಮೇಲಿಟ್ಟು ಅದರ ಪಕ್ಕ ಬೇಯಿಸಿದ ಕೋಳಿ ಲಿವರ್, ಆಮೇಲೆ ಬೆನ್ನ ಮೇಲೆ ಎರಡು ನಿಮಿಷ, ಆಮೇಲೆ ಕ್ಲಿಪ್ ಹಾಕಿ ಅಂಗಳದಲ್ಲಿ ಒಂದು ಸುತ್ತು. ಕ್ಲಿಪ್‌ನ 'ಟಕ್' ಸದ್ದಿಗೆ ಬಾಲ ಆಡಿಸುವಂತಾದ ಮೇಲೆಯೇ ಹೊರಟಿದ್ದು.

ಫೆಬ್ರವರಿಯ ಒಂದು ಭಾನುವಾರ ಮೈಸೂರಿನಿಂದ ಶ್ರೀರಂಗಪಟ್ಟಣ, ಪಾಂಡವಪುರ ದಾಟಿ ತೊಣ್ಣೂರಿಗೆ ಹೋದೆವು. ಕಾರು ತಮ್ಮನದು. ಏಳೂವರೆಗೆಲ್ಲ ಕೆರೆ ಬದಿಯಲ್ಲಿದ್ದೆವು. ಈ ಕೆರೆಗೆ ಮೋತಿ ತಲಾಬ್ ಅಂತಲೂ ಹೆಸರಿದೆ, ಮುತ್ತಿನ ಕೆರೆ. ಅಂಚಿನಲ್ಲಿ ನಿಂತು ಬಗ್ಗಿ ನೋಡಿದರೆ ತಳದ ಕಲ್ಲುಗಳನ್ನು ಎಣಿಸಬಹುದು. ಹೆದರುವ ನಾಯಿಗೆ ಇದು ದೊಡ್ಡ ಉಪಕಾರ ಮಾಡಿತೆಂದು ನಾನು ನಂಬಿದ್ದೇನೆ. ಕಾಲಿಡುವ ಜಾಗ ಅವಳಿಗೆ ಕಾಣುತ್ತಿತ್ತು. ಹಸಿರು ಕೆನೆ ಕಟ್ಟಿದ ಊರೊಳಗಿನ ಕೆರೆಗಳಿಗೆ ನಾನಂತೂ ಅವಳನ್ನು ಒಯ್ಯುವುದಿಲ್ಲ. ಅಂಥ ಕೆನೆಯಲ್ಲಿ ನಾಯಿಯ ಜೀವಕ್ಕೇ ಎರವಾಗುವ ವಿಷ ಇರಬಹುದು, ನೆಕ್ಕಿದರೂ ಅಪಾಯ.

ನೀರಿಗೆ ಇಪ್ಪತ್ತು ಅಡಿ ಇರುವಾಗಲೇ ಜೋಳ ನಿಂತುಬಿಟ್ಟಳು. ಬಾಲ ಕಾಲಸಂದಿಗೆ, ಮತ್ತೆ ಮತ್ತೆ ಆಕಳಿಕೆ, ತುಟಿ ನೆಕ್ಕುವುದು. ನಿದ್ದೆ ಬಂದು ಆಕಳಿಸಿದ್ದಲ್ಲ, ಅದು ದಿಗಿಲು. ತಮ್ಮ, "ಎತ್ಕೊಂಡು ಇಳಿಸಿಬಿಡೋಣ ಅಕ್ಕಾ, ಜಾಕೆಟ್ ಇದ್ಯಲ್ಲ, ಈಜು ತಾನಾಗೇ ಬರುತ್ತೆ" ಅಂದ. ನಾನು ಸುತರಾಂ ಒಪ್ಪಲಿಲ್ಲ. ಪೈಪು ಹಿಡಿದವರು ಮಾಡಿದ್ದೂ ಅದನ್ನೇ ಅಲ್ಲವೇ? ಹತ್ತು ಮೀಟರ್ ಹಗ್ಗ ಸಡಿಲ ಬಿಟ್ಟು, ಪಾದ ನೀರಿಗಿಳಿಸಿ, ಅವಳಿಗೆ ಬೆನ್ನು ಮಾಡಿ ಕೂತೆ.

ಮೇಕೆ ಹೊಡೆದುಕೊಂಡು ಬಂದ ಅಜ್ಜ ಒಬ್ಬರು ನಿಂತು ನೋಡಿದರು. "ನಾಯ್ಗೂ ಅಂಗಿ ತೊಡ್ಸಿದೀರಾ ಕವ್ವ? ಒಳ್ಳೇದಾಯ್ತು ಬುಡಿ. ಆ ಬಂಡೆ ತಾವ ಮಾತ್ರ ಹೋಗ್ಬ್ಯಾಡಿ, ಪಾಚಿ ಕಟ್ಟೈತೆ, ಅಲ್ಲಿಂದಾಚೆಗೆ ಒಂದೇ ಸಲಕ್ಕೆ ಆಳ." ಅವರ ಮಾತಿಗೆ ಬೆಲೆ ಕೊಟ್ಟು ನಾವು ಎಡಕ್ಕೆ, ಇಳಿಜಾರು ನಿಧಾನವಾಗಿದ್ದ ಕಡೆಗೆ ಸರಿದೆವು. ಮೇಲಿನಿಂದ ಸೌಮ್ಯವಾಗಿ ಕಂಡರೂ ಇದು ಜನ ಮುಳುಗಿ ಸತ್ತಿರುವ ಕೆರೆ.

ಮುಕ್ಕಾಲು ಗಂಟೆ ಕಳೆಯಿತು. ಮೊಣಕೈಗೆ ತಣ್ಣನೆಯ ಮೂಗು ತಾಗಿತು. ನಾನು ತಿರುಗಲಿಲ್ಲ. ನಾಲ್ಕು ಗುಟುಕು ಕುಡಿದಳು, ಮುಂಗಾಲೊಂದನ್ನು ಇಟ್ಟಳು, ತೆಗೆದಳು, ಮತ್ತೆ ಇಟ್ಟಳು. ಹತ್ತು ಗಂಟೆ ಹೊತ್ತಿಗೆ ಹೊಟ್ಟೆ ತೋಯುವ ಮಟ್ಟದ ನೀರಿನಲ್ಲಿ ನನ್ನ ಪಕ್ಕ ನಿಂತಿದ್ದಳು. ಆಗಲೇ ಹಿಂಗಾಲು ಜಾರಿತು. ನೆಲ ತಪ್ಪಿದ್ದು ಎರಡೋ ಮೂರೋ ಕ್ಷಣ. ಜಾಕೆಟ್ ಅವಳನ್ನು ಮಟ್ಟಸವಾಗಿ ಎತ್ತಿ ಹಿಡಿಯಿತು, ಗದ್ದದ ದಿಂಬು ಮೂಗನ್ನು ನೀರಿನ ಮೇಲೇ ಇಟ್ಟಿತು. ಬೆನ್ನ ಹಿಡಿಗೆ ಕೈ ಹಾಕಿ ಒಂದೇ ಎಳೆತಕ್ಕೆ ದಡಕ್ಕೆ ತಂದೆ. ಹೊಲಿಗೆ ಒಂದೆಳೆಯೂ ಬಿಡಲಿಲ್ಲ. ಈ ಒಂದು ಹಿಡಿಗೆ 1,900 ಕೊಟ್ಟೆ ಅಂದುಕೊಂಡರೂ ನನಗೆ ತೃಪ್ತಿಯಿದೆ.

ಮೈ ಕೊಡವಿ ಹಗ್ಗದ ತುದಿಯವರೆಗೆ ಓಡಿದಳು. ಇನ್ನು ಮುಗಿಯಿತು ಅಂತ ಎದೆ ಧಸಕ್ಕೆಂದಿತು. ಜಾಕೆಟ್ ಬಿಚ್ಚಿ ನೆರಳಿನಲ್ಲಿ ಕೂರಿಸಿದೆ. ದಡದ ಮೇಲೆ ತೊಡಿಸಿಯೇ ಬಿಟ್ಟರೆ ಫೋಮ್‌ನಿಂದ ಮೈ ಬಿಸಿಯೇರುತ್ತದೆ. ಆಗ ಕಂಕುಳ ನೋಡಿದರೆ ಕೆಂಪಗೆ ಉಜ್ಜಿತ್ತು. ಮುಧೋಳದ ಕೂದಲು ತೀರ ಗಿಡ್ಡ, ನೈಲಾನ್ ಅಂಚು ನೇರ ಚರ್ಮಕ್ಕೇ ತಾಗುತ್ತದೆ. ಕೊಬ್ಬರಿ ಎಣ್ಣೆ ಸವರಿದೆ. ಕಂಪನಿಯವರು ಆ ಅಂಚಿಗೆ ಮೆತ್ತನೆ ಬಟ್ಟೆ ಮಡಿಸಿ ಹೊಲಿಯಲೇಬೇಕು.

ನಂಬಿನಾರಾಯಣ ದೇವಸ್ಥಾನಕ್ಕೆ ನಾವಿಬ್ಬರೂ ಸರದಿಯಲ್ಲಿ ಹೋಗಿಬಂದೆವು, ಒಬ್ಬರು ಅವಳ ಜೊತೆ. ಬುತ್ತಿಯ ಚಿತ್ರಾನ್ನ ಮುಗಿಸಿ ಹನ್ನೆರಡಕ್ಕೆ ಹೊರಟೆವು, ಬಂಡೆ ಆಗಲೇ ಅಂಗೈ ಇಡಲಾಗದಷ್ಟು ಕಾದಿತ್ತು. ಮನೆಗೆ ಬಂದು ಕಿವಿ, ಬೆರಳಸಂದಿಯಲ್ಲಿ ಉಣ್ಣಿ ಹುಡುಕಿದೆ, ಎರಡು ಸಿಕ್ಕವು. ಇಲಿಜ್ವರದ ಲಸಿಕೆ ಮೊದಲೇ ಹಾಕಿಸಿದ್ದೆ, ಕೆರೆನೀರಿಗೆ ಇಳಿಸುವವರು ಅದನ್ನು ಮರೆಯಬಾರದು.

ಜಾಕೆಟ್‌ಗೆ ಐದರಲ್ಲಿ ಮೂರೂವರೆ. ಅಳತೆಗೆ ಒಂದು, ಕಂಕುಳಿಗೆ ಅರ್ಧ ಕಳೆದಿದ್ದೇನೆ. ಒಣಗಲು ಒಂದೂವರೆ ದಿನ ಹಿಡಿಯಿತು, ಅದಕ್ಕೆ ಕಳೆಯಲಿಲ್ಲ. ತೊಣ್ಣೂರಿಗೆ ಐದಕ್ಕೆ ಐದು. ಹೊರಡುವ ಮುನ್ನ ಜೋಳ ಹಗ್ಗ ಎಳೆದುಕೊಂಡು ಒಬ್ಬಳೇ ಅಂಚಿಗೆ ಹೋಗಿ, ಎರಡೂ ಮುಂಗಾಲು ನೀರಿನಲ್ಲಿಟ್ಟು ನಮ್ಮ ಕಡೆ ತಿರುಗಿ ನೋಡಿದಳು.